ಎಮ್ಮಿಗಿ ಹಾಕಿದ ಹೋಳಿಗಿ

ವಾಡಿ,
೯ ಜನವರಿ ೨೦೨೫, ಗುರುವಾರ

ಚಂದಾಪುರದ ನಮ್ಮ ಬೀಗತಿ ಶರಣಬಸಮ್ಮನವರಿಗಿ, ವಾಡಿಯಿಂದ ವಿಮಲಾಬಾಯಿ ಮಾಡುವ ಶರಣು ಶರಣಾರ್ಥಿ.

ನನ್ನ ಅಕ್ಷರ ಗುರುತು ಹತ್ತಿದ ಕೂಡ್ಲೆ ಹರದು ಒಲಿಗಿ ಹಾಕಬ್ಯಾಡ್ರಿ. ಪೂರಾ ಓದ್ರಿ, ಆಮ್ಯಾಲೆ ಬೇಕಾದ್ರ ಹಾಕ್ರಿ. ಫೋನು ಮಾಡಿದ್ರ ನೀವು ಎತ್ತಂಗಿಲ್ಲ. ಎತ್ತಿದ್ರೂ ನೀವು ಒಂದು ಅಂತೀರಿ, ನಾ ಎರಡು ಅಂತೀನಿ, ಮಾತು ಎಲ್ಲಿಗೋ ಹೋಗಿ ಬೀಳ್ತದ. ಕಾಗದಕ್ಕ ಅಂಥಾ ಕೆಟ್ಟ ಚಾಳಿ ಇಲ್ಲ. ಇಪ್ಪತ್ತಾರು ವರ್ಷ ಅಂಗನವಾಡಿ ರಜಿಸ್ಟರ್ ಬರದಾಕಿ ನಾ, ಬರಿಯಾಕ ನನಗ ಬ್ಯಾಸರನೂ ಇಲ್ಲ.

ಮೊನ್ನೆ ಅಳಿಯ ಶಾಂತಕುಮಾರ ನಮ್ಮಿಬ್ಬರ ಮೊಮ್ಮಗ ಸಂಗುನ ಜವಳದ ಕಾರ್ಡು ತಗೊಂಡು ಬಂದಿದ್ದ. ನಾಕೂ ಮೂಲಿಗಿ ಅರಿಶಿಣ ಹಚ್ಚಿ ಕಳಸೀರಿ, ಭಾಳ ಚಂದ ಅದ. ಅದರ ಜೋಡಿ ಒಂದು ಮಾತೂ ಕಳಸೀರಿ. ಬರ್ರಿ, ಉಣ್ಣೂದು ಬಿಡೂದು ನಿಮ್ಮ ಮರ್ಜಿ ಅಂತ. ಪಾಪ, ಆ ಮಾತು ಹೇಳಬೇಕಾದ್ರ ಹುಡುಗ ನನ್ನ ಮಾರಿ ನೋಡದೇ ಚಾ ಕಪ್ಪಿನ್ಯಾಗೇ ನೋಡಾಕತ್ತಿದ್ದ.

ಬೀಗರನ್ನ ಕರದು ಉಣ್ಣೂದು ಬಿಡೂದು ನಿಮ್ಮ ಮರ್ಜಿ ಅಂದ್ರ ಏನರ್ಥ ಅಂತ ನನಗ ತಿಳೀತದ ರಿ. ನಾನೂ ಇದೇ ಸೀಮಿ ಹೆಣ್ಣಮಗಳು. ಹಂಗಾಗಿ ಈ ಪತ್ರ. ಇಪ್ಪತ್ತನೇ ತಾರೀಖು ಸೋಮವಾರ ನಾ ಬರ್ತೀನಿ, ಬಂದು ನಿಮ್ಮ ಮನ್ಯಾಗ ಕುಂತು ಉಣ್ತೀನಿ. ನನಗೊಂದು ತಾಟು ಇಡ್ತೀರೋ ಇಲ್ಲೋ, ಅದಷ್ಟು ಹೇಳ್ರಿ. ಅವತ್ತ ಯಾಕ ಉಣ್ಣಲಿಲ್ಲ, ಈಗ ಹ್ಯಾಂಗ ಉಣ್ತೀನಿ ಅಂತ ಎಲ್ಲಾ ಬರೀತೀನಿ. ಚಾ ಮಾಡ್ಕೊಂಡು ಕುಂದ್ರಿ, ಜರಾ ಉದ್ದ ಅದ.

ಅವತ್ತಿನ ಸುದ್ದಿ ಮೊದಲ. ಹದಿಮೂರು ತಿಂಗಳಾತು. ನಮ್ಮ ಮಗಳು ಉಮಾಗ ಏಳು ತಿಂಗಳು ತುಂಬಿದಾಗ ನಿಮ್ಮ ಮನ್ಯಾಗ ಕುಬಸ ಮಾಡಿದ್ರಿ. ಅಕಿಗಿ ಹಸರ ಸೀರಿ, ಕೈ ತುಂಬ ಹಸರ ಬಳಿ, ಅಂಗಳದ ಫರಸಿ ತೊಳದು ಬಾಗಿಲತನಕ ರಂಗೋಲಿ. ಯಾವುದಕ್ಕೂ ಕಮ್ಮಿ ಮಾಡಿದ್ದಿಲ್ಲ ನೀವು. ಪಂಕ್ತಿಯೊಳಗ ನನ್ನ ತಾಟಿಗಿ ನೀವೇ ನಿಂತು ಹೋಳಿಗಿ ಹಾಕಿ ತುಪ್ಪ ಸುರದ್ರಿ. ಅದೊಂದು ಉಣ್ಣೂದರಾಗ ನನ್ನ ಅರ್ಧ ಜೀವ ಹೋಗಿತ್ತು. ನೀವು ಎರಡನೇದು ಹಾಕಿದ್ರಿ. ಬೀಗತಿ ನಾಚಬ್ಯಾಡ್ರಿ ಅಂತ ಮೂರನೇದೂ ಹಾಕಿದ್ರಿ.

ತಾಟಿನ್ಯಾಗ ಹ್ಯಾಂಗ ಬಿಡ್ಲಿ? ನಮ್ಮವ್ವ ಕಲಿಸಿದ್ದೂ ಅದೇ, ನಿಮ್ಮವ್ವ ಕಲಿಸಿದ್ದೂ ಅದೇ. ಲಿಂಗಕ್ಕ ಅರ್ಪಿಸಿ ಉಂಬೋದು ಪ್ರಸಾದ, ಒಂದಗಳು ಬಿಡಬಾರದು, ತಾಟು ತೊಳದ ನೀರೂ ಕುಡೀಬೇಕು. ಬಿಟ್ರ ಪಾಪ, ಉಂಡ್ರ ನನಗ ಮರಣ. ಎಲ್ಲರೂ ಆರತಿ ಹಾಡಿನ ಕಡಿ ಕಿವಿ ಕೊಟ್ಟಾಗ ಎರಡೂ ಹೋಳಿಗಿ ಸೆರಗಿನ್ಯಾಗ ಕಟ್ಟಕೊಂಡೆ. ತಾಟು ತೊಳದು ಕುಡದು, ದೊಡ್ಡ ಶರಣಿಯಂಗ ಎದ್ದು ಹಿತ್ತಲಿಗಿ ಹೋದೆ. ನಿಮ್ಮ ಎಮ್ಮಿ ನನ್ನ ಮಾರಿ ನೋಡ್ತು, ನಾ ಅದರ ಮಾರಿ ನೋಡ್ದೆ. ಹೋಳಿಗಿ ಅದರ ಬಾಯಾಗ ಹೋಗೂದಕ್ಕೂ ನೀವು ಹಿತ್ತಲ ಬಾಗಿಲಿಗಿ ಬರೂದಕ್ಕೂ ಸರಿ ಆತು.

ಆಗ ನೀವು ನನಗ ಒಂದು ಮಾತೂ ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು. ಒಳಗ ಹೋಗಿ ಹತ್ತು ಮಂದಿ ಮುಂದ ಅಂದ್ರಿ, ನಮ್ಮನಿ ಪ್ರಸಾದ ಎಮ್ಮಿಗಿ ಹಾಕಿದೋರ ಮನಿಗಿ ನಮ್ಮ ಸೊಸಿ ಬಾಣಂತನಕ್ಕ ಹೋಗಂಗಿಲ್ಲ ಅಂತ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗ್ತದ ಅಂತ ನಾ ಅಂಟಿನುಂಡಿ ಸಾಮಾನು ತಂದಿಟ್ಟಿದ್ದೆ, ಅಟ್ಟದ ಮ್ಯಾಲಿನ ತೊಟ್ಟಿಲ ಇಳಿಸಿ ಬಣ್ಣಾ ಹೊಡಿಸಿದ್ದೆ. ಎಲ್ಲಾ ಹಂಗೇ ಉಳೀತು. ಫೆಬ್ರುವರಿಯೊಳಗ ಸಂಗು ನಿಮ್ಮ ಕಡೀನೇ ಹುಟ್ಟಿದ. ಬಾಣಂತನ ನೀವೇ ಮಾಡಿದ್ರಿ, ಚಲೋನೇ ಮಾಡಿದ್ರಿ. ಉಮಾನ ಮಾರಿ ನೋಡಿದ್ರ ಗೊತ್ತಾಗ್ತದ. ಅದಕ್ಕ ನಿಮಗ ಕೈ ಮುಗೀತೀನಿ.

ಆಮ್ಯಾಲೆ ಉಮಾನ ಅಪ್ಪ ನಾಕು ಸರ್ತಿ ಬಂದು ಕೂಸಿನ್ನ ಎತ್ತಿ ಆಡಿಸಿ ಹೋದ್ರು. ನಾ ಒಮ್ಮೆನೂ ಬರ್ಲಿಲ್ಲ. ಎಷ್ಟು ಸೊಕ್ಕು ಆಕಿಗಿ, ಮೊಮ್ಮಗನ ಮಾರಿ ನೋಡಾಕೂ ಬರ್ಲಿಲ್ಲ ಅಂತ ನೀವು ಅಂದ್ರಿ. ನನಗ ಸುದ್ದಿ ಮುಟ್ಟೇದ. ನಿಮ್ಮ ಚಿಕ್ಕಪ್ಪನ ಮಗಳು ಸೇಡಂ ಬಸವೇಶ್ವರಿ ಇರೂತನಕ ನಮ್ಮಿಬ್ಬರ ನಡುವ ಟಪಾಲ್ ಕಚೇರಿ ಬೇಕಾಗಿಲ್ಲ. ಶ್ರಾವಣದಾಗ ನಮ್ಮನಿಗಿ ಬಂದು, ಎರಡು ಸಲ ಚಾ ಕುಡದು, ನನ್ನ ಊಟದ ಬಗ್ಗಿ ನೀವು ಏನೇನು ಅಂದೀರಿ ಎಲ್ಲಾ ಒಪ್ಪಿಸಿ ಹೋದಳು. ವಿಮಲಾಬಾಯಿದು ಪೂರಾ ನಾಟಕ ಅಂದಿದ್ರಂತ. ಅವತ್ತ ನನ್ನ ಮೈ ಭಗ್ಗನ ಉರೀತು. ಮದುವಿ ಆಲ್ಬಮ್ ಒಯ್ದು ಟ್ರಂಕಿನ ತಳಕ್ಕ ಹಾಕಿದೆ, ನಿಮ್ಮ ಫೋಟೋ ಕಣ್ಣಿಗಿ ಬೀಳಬಾರದು ಅಂತ.

ಖರೆ ಹೇಳ್ಲೇನು? ಸೊಕ್ಕಲ್ಲ ಬೀಗತಿ, ಅಂಜಿಕಿ. ಕೂಸಿನ್ನ ನೋಡಬೇಕಂದ್ರ ನಿಮ್ಮನಿಗಿ ಬರಬೇಕು. ಬಂದ್ರ ಉಣ್ಣಬೇಕು. ಉಣ್ಣಾಕ ನನಗ ಧೈರ್ಯ ಇದ್ದಿಲ್ಲ. ಬಂದು ಉಣ್ಣದೇ ಹೋದ್ರ ಮತ್ತೊಂದು ಎಮ್ಮಿ ಹಗರಣ ಆಗ್ತದ. ಹಂಗಾಗಿ ಫೋನಿನ್ಯಾಗೇ ಮೊಮ್ಮಗನ್ನ ನೋಡ್ಕೋತ ಕುಂತೆ. ಆರು ತಿಂಗಳಿಗಿ ನೀವು ಅವನಿಗಿ ಮೆತ್ತನ್ನ ಅನ್ನ, ತುಪ್ಪ ಕಲಸಿ ಬಾಯಾಗ ಇಟ್ಟಿದ್ದು ಉಮಾ ವಿಡಿಯೋ ಕಳಿಸಿದ್ಳು. ಅವ ಚಪ್ಪರಿಸಿಕೊಂಡು ಮತ್ತ ಬಾಯಿ ತೆರೀತಿದ್ದ. ಹೇಳಾಕ ನಾಚಿಕಿ ಆಗ್ತದ, ಆರು ತಿಂಗಳ ಕೂಸು ಉಣ್ಣೂದು ನೋಡಿ ನನಗ ಹೊಟ್ಟಿಕಿಚ್ಚು ಬಂತು.

ಈ ಬ್ಯಾನಿ ನಿಶ್ಚಯದ ಟೈಮಿನ್ಯಾಗೇ ಶುರು ಆಗಿತ್ತು. ಉಂಡ ಮ್ಯಾಲೆ ಹೊಕ್ಕಳ ಸುತ್ತ ಯಾರೋ ಒದ್ದಿ ಅರಿವಿ ಹಿಂಡಿದಂಗ. ಒಂದು ತಾಸು, ಒಂದೊಂದು ಸಲ ಎರಡು ತಾಸು, ಆಮ್ಯಾಲೆ ತಾನೇ ಕಮ್ಮಿ. ಉಣ್ಣದಿದ್ರ ಏನೂ ಇಲ್ಲ, ಆರಾಮ. ಹಂಗಾಗಿ ಉಣ್ಣೂದು ಬಿಟ್ಕೋತ ಬಂದೆ. ಹಸಿವಿ ಇಲ್ಲ ಅಂತಲ್ಲ ರಿ, ಹಸಿವಿ ಭಾಳ ಇತ್ತು. ಓಣಿಯೊಳಗ ಯಾರರ ರೊಟ್ಟಿ ಬಡಿದ್ರ ಆ ಸಪ್ಪಳಕ್ಕ ನನಗ ಕಣ್ಣಾಗ ನೀರು ಬರ್ತಿತ್ತು.

ಮನ್ಯಾಗ ಕೇಳಿದ್ರ ಸೋಮವಾರ ಒಪ್ಪತ್ತು ಹಿಡದೀನಿ ಅಂದೆ. ಆಮ್ಯಾಲೆ ಗುರುವಾರನೂ ಒಪ್ಪತ್ತು ಅಂದೆ. ಕಡಿಗಿ ವಾರಕ್ಕ ಐದು ದಿನ ಒಪ್ಪತ್ತು ಹಿಡಿಯೋ ಮಹಾಶರಣಿ ಆಗಿಬಿಟ್ಟೆ. ಓಣಿ ಹೆಣ್ಣಮಕ್ಕಳು ಎಂಥಾ ಭಕ್ತಿ, ಎಂಥಾ ಭಕ್ತಿ ಅಂತ ನನ್ನ ಕಾಲಿಗಿ ಬೀಳಾಕತ್ತಿದ್ರು. ಒಬ್ಬಾಕಿ ತನ್ನ ಮಗಳಿಗಿ ವರಾ ಸಿಗಲಿ ಅಂತ ಆಶೀರ್ವಾದ ಮಾಡಿಸ್ಕೊಂಡು ಹೋದಳು, ಸಿಕ್ಕೂ ಬಿಟ್ಟ! ಶಿವನಿಗಿ ಗೊತ್ತು ನನ್ನ ಭಕ್ತಿ ಎಷ್ಟು ಅಂತ.

ಯಾಕ ಮುಚ್ಚಿಟ್ಟಿ ಅಂತ ಕೇಳ್ತೀರಿ. ಮದುವಿಗಿ ಮೊದಲ ಹೇಳಿದ್ರ, ತಾಯಿಗಿ ಹೊಟ್ಟಿ ರೋಗ, ನಾಳಿಗಿ ಮಗಳಿಗೂ ಬರ್ತದ ಅಂತ ಯಾರರ ಅಂದಾರು ಅಂತ ಅಂಜಿದೆ. ಮದುವಿ ಆದಮ್ಯಾಲೆ ಉಮಾ ಬಸುರಿ ಆದಳು, ಆಕಿಗಿ ಚಿಂತಿ ಹಚ್ಚಬಾರದು ಅಂತ ಬಿಟ್ಟೆ. ಅದರ ಮ್ಯಾಲೆ ನಿಮ್ಮ ಜೋಡಿ ಜಗಳ. ಈಗ ರೋಗ ಅದ ಅಂದ್ರ, ತಪ್ಪು ಮುಚ್ಚಾಕ ರೋಗ ಹುಟ್ಟಿಸ್ಯಾಳ ಅಂತೀರಿ ಅನ್ಕೊಂಡೆ. ನೀವು ಅಂತಿದ್ರಿ ಕೂಡ, ಇಲ್ಲ ಅನ್ನಬ್ಯಾಡ್ರಿ.

ದವಾಖಾನಿ ತಿರುಗಲಿಲ್ಲ ಅಂತಲ್ಲ. ಅಜವಾನ ತಿಂದೆ, ಇಂಗು ತಿಂದೆ, ದೃಷ್ಟಿ ತೆಗಿಸ್ಕೊಂಡೆ. ಶಹಾಬಾದದಾಗ ಒಬ್ಬರು ಗ್ಯಾಸ್ ಅಂದ್ರು, ಚಿತ್ತಾಪುರದಾಗ ಒಬ್ಬರು ಹುಣ್ಣು ಇರಬೇಕು ಅಂದ್ರು. ಕಲಬುರಗಿಯೊಳಗ ಬಾಯಾಗ ಪೈಪು ಹಾಕಿ ನೋಡಿ ಏನೂ ಇಲ್ಲ ಅಂದ್ರು. ಇನ್ನೊಬ್ಬರು ವಯಸ್ಸಾತು, ಟೆನ್ಷನ್ ಬಿಡ್ರಿ ಅಂದ್ರು. ಅವರನ್ನ ನಾ ಬೈಯಂಗಿಲ್ಲ. ಪೂರಾ ಹೇಳಿದ್ರಲ್ಲೇನು ಅವರಿಗಿ ತಿಳಿಯೂದು? ಹೊಟ್ಟಿನೋವು ಅಂತಷ್ಟೇ ನಾ ಹೇಳ್ತಿದ್ದೆ. ಉಂಡ ಮ್ಯಾಲೆ ಬರ್ತದ ಅಂತ ಬಾಯಿಬಿಟ್ಟು ಹೇಳಿದ್ರ ಬಾಜೂಕ ಕುಂತ ಉಮಾನ ಅಪ್ಪಗ ನನ್ನ ಒಪ್ಪತ್ತಿನ ಗುಟ್ಟು ಗೊತ್ತಾಗ್ತಿತ್ತು. ಐವತ್ತೆಂಟು ಕಿಲೋ ಇದ್ದಾಕಿ ನಲವತ್ತೊಂದಕ್ಕ ಬಂದೆ. ಇಪ್ಪತ್ತಾರು ವರ್ಷ ಮಂದಿ ಕೂಸುಗಳನ್ನ ತಕ್ಕಡಿಗಿ ಹಾಕಿ, ಇದು ಸೊರಗ್ಯಾದ, ಇದಕ್ಕ ತತ್ತಿ ಕೊಡ್ರಿ ಅಂತ ತಾಯಂದಿರಿಗಿ ಬೈದಾಕಿ, ನಾ ತಕ್ಕಡಿ ಹತ್ತಲಿಲ್ಲ.

ಸೆಪ್ಟೆಂಬರದಾಗ ಒಂದಿನ ಮುಂಜಾನಿ ಬಚ್ಚಲದಾಗ ಕಣ್ಣಿಗಿ ಕತ್ತಲಿ ಬಂದು ಬಿದ್ದೆ. ಉಮಾನ ಅಪ್ಪ ಗಾಬರಿಯಾಗಿ ಕಲಬುರಗಿಯ ಒಂದು ದೊಡ್ಡ ದವಾಖಾನಿಗಿ ಕರಕೊಂಡು ಹೋದ್ರು. ಅಲ್ಲಿ ಡಾಕ್ಟರ್ ನಗ್ಮಾ ಅಂತ ಇದ್ದಳು, ವಯಸ್ಸಿನ್ಯಾಗ ನಮ್ಮ ಉಮಾನ ವಾರಿಗಿಯಾಕಿ ಇರಬೇಕು. ಮಾತು ಕಮ್ಮಿ, ಕಣ್ಣು ಭಾಳ ಚುರುಕು. ನೋವು ಉಂಡ ಮ್ಯಾಲೆ ಎಷ್ಟೊತ್ತಿಗಿ ಬರ್ತದ ಅಮ್ಮಾ ಅಂತ ಕೇಳಿದಳು. ಇನ್ನ ಮುಚ್ಚಿಟ್ಟು ಏನು ಮಾಡ್ಲಿ ಅಂತ ನಾ ಖರೆ ಹೇಳ್ದೆ, ಅರ್ಧ ತಾಸಿಗಿ ಅಂತ. ಸಣ್ಣ ಆಗಿದ್ದು ಎಂದಿನಿಂದ ಅಂತ ಕೇಳಿದಳು, ಅದನ್ನೂ ಹೇಳ್ದೆ. ಆಕಿ ಎದ್ದು ಬಂದು ಹೊಟ್ಟಿ ಮ್ಯಾಲೆ ಕೊಳವಿ ಇಟ್ಟು ಭಾಳ ಹೊತ್ತು ಕೇಳಿ, ಇದು ಹೊಟ್ಟಿದಲ್ಲ, ರಕ್ತನಾಳದ ತ್ರಾಸ ಇರಬೇಕು ಅಂದಳು.

ಕೈಗಿ ಔಷಧ ಚುಚ್ಚಿ ದೊಡ್ಡ ಮಷೀನಿನ್ಯಾಗ ಹಾಕಿ ಫೋಟೋ ತೆಗದ್ರು. ಆ ಔಷಧ ಒಳಗ ಹೋದಾಗ ಮೈ ತುಂಬ ಬಿಸಿ ಹರಿದಾಡ್ತು, ಅಷ್ಟೇ. ಆಮ್ಯಾಲೆ ಡಾಕ್ಟರಮ್ಮ ಕಂಪ್ಯೂಟರದಾಗ ತೋರಿಸಿ ತಿಳಿಸಿ ಹೇಳಿದಳು. ಹೊಟ್ಟಿಗಿ, ಕರುಳಿಗಿ ರಕ್ತ ಒಯ್ಯೋ ದೊಡ್ಡ ನಾಳ ಮೂರು ಇರ್ತಾವಂತ. ನನ್ನವು ಒಂದು ಪೂರಾ ಬಂದ್. ಇನ್ನೊಂದು ದಾರದ ಎಳಿಯಷ್ಟು ಉಳದದ. ಮೂರನೇದು ಸಣ್ಣದು, ಅದೇ ಹ್ಯಾಂಗೋ ಎಳಿಯಾಕತ್ತದ. ಸುಮ್ಮ ಕುಂತಾಗ ಆ ರಕ್ತ ಸಾಕಾಗ್ತದ, ಉಂಡ ಮ್ಯಾಲೆ ಕರುಳಿಗಿ ಹೆಚ್ಚಿನ ರಕ್ತ ಬೇಕು, ಅದು ಬರಂಗಿಲ್ಲ, ಅದಕ್ಕ ನೋವು. ಉಮಾನ ಅಪ್ಪ ಮೂವತ್ತೈದು ವರ್ಷ ವಾಡಿ ಜಂಕ್ಷನಿನ್ಯಾಗ ಗಾಡಿಗಳ ಹಳಿ ಬದಲಸೋ ಪಾಯಿಂಟ್ಸ್‌ಮನ್ ಇದ್ದವರು, ಅವರಿಗಿ ಫಟ್ಟನ ತಿಳೀತು. ಮೇನ್ ಲೈನ್ ಬಂದ್, ಗೂಡ್ಸ್ ಗಾಡಿ ಎಲ್ಲಾ ಸ್ಟೇಷನ್ ಹೊರಗ ಔಟರಿನ್ಯಾಗ ನಿಂತಾವ ಅಂದ್ರು. ಹೌದು ಕಾಕಾ, ಲೈನ್ ಕ್ಲಿಯರ್ ಮಾಡೂನು ಅಂತ ಆಕಿ ನಕ್ಕಳು.

ಆದ್ರ ಬಾಗಿಲ ಹೊರಗ ಅವರನ್ನ ಕರದು ಹೇಳಿದ್ದು ನನಗ ಕೇಳಿಸ್ತು. ಹಿಂಗೇ ಬಿಟ್ರ ಒಂದಿನ ಪೂರಾ ಬಂದ್ ಆಗ್ತದ, ಕರುಳು ಸಾಯ್ತದ, ಆಗ ಜೀವ ಉಳಸೂದು ಭಾಳ ಕಷ್ಟ ಅಂತ. ಆಗ ನನಗ ಮೊದಲ ನೆನಪಾಗಿದ್ದು ಸಂಗು. ಅವನ ತಲಿ ಮ್ಯಾಲೆ ಒಮ್ಮೆನೂ ಕೈ ಇಟ್ಟಿಲ್ಲ ನಾ, ಇಡದೇ ಹೋಗ್ತೀನೇನು ಅಂತ ಗ್ವಾಡಿ ಕಡಿ ತಿರುಗಿ ಅತ್ತೆ.

ಒಳಗ ಬಂದು ಡಾಕ್ಟರಮ್ಮ ಬೀಡಿ ಸೇದ್ತೀರೇನು ಅಂತ ಕೇಳಿದಳು. ಇಶ್ಶಿ ಅಂದೆ. ತಂಬಾಕ ಅಂದಳು, ಸೆರಗು ಸರಿ ಮಾಡ್ಕೊಂಡೆ. ಮಿಶ್ರಿ ಅಂದಳು. ಹುಡುಗಿಗಿ ಹ್ಯಾಂಗ ಗೊತ್ತಾತೋ, ನನ್ನ ಹಲ್ಲು ನೋಡಿರಬೇಕು. ನಿಮಗ ನೆನಪದೇನು, ಮಕ್ಕಳ ಮದುವಿ ಮರುದಿನ ನಾವಿಬ್ಬರೂ ಹಿತ್ತಲ ಕಟ್ಟಿ ಮ್ಯಾಲೆ ಗಂಡಸರ ಕಣ್ಣು ತಪ್ಪಿಸಿ ಕುಂತು, ಒಂದೇ ಡಬ್ಬಿಯೊಳಗಿನ ಸುಟ್ಟ ತಂಬಾಕಿನ ಪುಡಿ ಹಲ್ಲಿಗಿ ತಿಕ್ಕಿದ್ದು? ಎಷ್ಟು ನಕ್ಕಿದ್ವಿ ಅವತ್ತ! ಬೀಗತಿ ಅನ್ನೂದು ಬಾಯಿಗಿ ರೂಢಿ ಆಗೂದಕ್ಕ ಮೊದಲ ಗೆಳತ್ಯಾರು ಆಗಿದ್ವಿ. ಅದೊಂದೇ ಕಾರಣ ಅಂತ ಹೇಳಾಕ ಬರಂಗಿಲ್ಲ, ಬಿಪಿ ಅದ, ಕೊಬ್ಬು ಅದ, ಆದ್ರ ತಂಬಾಕು ರಕ್ತನಾಳಕ್ಕ ವೈರಿ ಅಂತ ಡಾಕ್ಟರಮ್ಮ ಕಡ್ಡಿ ಮುರದಂಗ ಹೇಳಿದಳು. ನನ್ನ ಡಬ್ಬಿ ಆವತ್ತೇ ಒಗದೀನಿ. ನಿಮ್ಮದೂ ಒಗೀರಿ, ಆ ತಗಡಿನ ಪತ್ರಾಸಿನ ಹಿಂದ ಇಡ್ತೀರಲ್ಲ ಅದು.

ಹೊಟ್ಟಿ ಕೊಯ್ತಾರ ಅಂತ ಅಂಜಿದ್ದೆ, ಕೊಯ್ಯಲಿಲ್ಲ. ತೊಡಿ ಸಂದಿನ್ಯಾಗ ಸಣ್ಣ ತೂತು ಮಾಡಿ, ಅದರಾಗಿಂದ ತಂತಿ ಬಿಟ್ಟು, ತಂತಿ ತುದಿಯ ಬಲೂನು ಉಬ್ಬಿಸಿ ನಾಳ ಅಗಲ ಮಾಡಿ, ಮತ್ತ ಮುಚ್ಚಬಾರದು ಅಂತ ಒಂದು ಸಣ್ಣ ಜಾಳಗಿ ಕೂಡ್ಸಿದ್ರು. ಎದಿಗಿ ಸ್ಟೆಂಟ್ ಹಾಕ್ತಾರಲ್ಲ, ಅದೇ. ನನಗ ಕರುಳಿನ ನಾಳಕ್ಕ. ಒಳಗ ಒಯ್ಯುವಾಗ ನರ್ಸಮ್ಮ ಕೊರಳಾಗಿನ ಲಿಂಗದ ಕರಡಿಗಿ ತೆಗೀಬೇಕು ಅಂದಳು. ಜೀವ ಹೋದ್ರೂ ಮೈಮ್ಯಾಲಿನ ಲಿಂಗ ತೆಗ್ಯಂಗಿಲ್ಲ ಅಂತ ನಾ ಹಠ ಹಿಡದೆ. ನಗ್ಮಾ ಬಂದು, ಬೆಳ್ಳಿ ಕರಡಿಗಿ ಅಷ್ಟು ಉಮಾನ ಕೈಯಾಗ ಕೊಟ್ಟು, ಲಿಂಗ ಬಿಳಿ ಅರಿವ್ಯಾಗ ಸುತ್ತಿ ನನ್ನ ತೋಳಿಗಿ ತಾನೇ ಕಟ್ಟಿದಳು. ಆ ಹುಡುಗಿ ಹೊಟ್ಟಿ ತಣ್ಣಗಿರಲಿ.

ಉಮಾ, ಶಾಂತಕುಮಾರ ಇಬ್ಬರೂ ಬಂದಿದ್ರು. ನಿಮಗ ಕಣ್ಣಿನ ಆಪರೇಷನ್ ಅಂತ ಹೇಳಿಸಿದ್ದೆ. ಅಳಿಯನ್ನ ಬೈಬ್ಯಾಡ್ರಿ, ಕೈ ಮ್ಯಾಲೆ ಕೈ ಹಾಕಿಸಿ ಆಣಿ ತಗೊಂಡಿದ್ದೆ. ಆ ಮೂರು ದಿನ ಸಂಗುನ್ನ ನೀವೊಬ್ಬರೇ ನೋಡ್ಕೊಂಡ್ರಿ. ಯಾಕಂತ ನಿಮಗ ಗೊತ್ತಿಲ್ಲದೇ ನನಗ ಉಪಕಾರ ಮಾಡಿದ್ರಿ.

ಮರುದಿನ ಮಧ್ಯಾಹ್ನ ಗಂಜಿ ಕೊಟ್ರು. ಒಂದು ಬಟ್ಟಲ ಉಂಡೆ. ಉಮಾನ ಅಪ್ಪ ಕೈಗಡಿಯಾರ ಬಿಚ್ಚಿ ಹಾಸಿಗಿ ಮ್ಯಾಲೆ ಇಟ್ರು. ಹತ್ತು ನಿಮಿಷ ಆತು. ಇಪ್ಪತ್ತು ಆತು. ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ಕಾದೆ. ಅರ್ಧ ತಾಸಾತು, ನೋವು ಬರ್ಲಿಲ್ಲ. ಮುಕ್ಕಾಲು ತಾಸಾತು, ಬರ್ಲಿಲ್ಲ. ಗಾಡಿ ರೈಟ್ ಟೈಮ್ ಪಾಸ್ ಆತು ನೋಡು ಅಂದ್ರು, ಅನ್ನೂದರಾಗ ಅವರಿಗೇ ಅಳು ಬಂತು. ಮೂವತ್ತನಾಕು ವರ್ಷದ ಸಂಸಾರದಾಗ ಅವರು ಅತ್ತಿದ್ದು ನಾ ಅವತ್ತೇ ನೋಡಿದ್ದು.

ಈಗ ಭಾಳ ಆರಾಮ ಇದ್ದೀನಿ. ದಿನಾ ರಕ್ತ ತೆಳ್ಳಗಾಗೋ ಗುಳಿಗಿ, ಕೊಬ್ಬಿನ ಗುಳಿಗಿ ತಪ್ಪಸಂಗಿಲ್ಲ. ದಿನಕ್ಕ ಐದಾರು ಸಲ ಜರಾ ಜರಾ ಉಣ್ತೀನಿ. ಒಮ್ಮೆಲೆ ಹೊಟ್ಟಿ ತುಂಬ ಉಣ್ಣಬಾರದು ಅಂದಾರ. ಡಿಸೆಂಬರದಾಗ ಹೋಗಿ ತೋರಿಸ್ಕೊಂಡು ಬಂದೆ, ರಕ್ತ ಚಲೋ ಹರಿಯಾಕತ್ತದ ಅಂತ. ಆ ನಾಳ ಮತ್ತ ಸಣ್ಣ ಆಗಬಹುದು, ಹೇಳಿದ ತಾರೀಖಿಗಿ ತಪ್ಪದೇ ಬರ್ರಿ, ನೋವು ತಿರುಗಿ ಬಂದ್ರ ಒಪ್ಪತ್ತು ಅಂತ ಮುಚ್ಚಿಡಬ್ಯಾಡ್ರಿ ಅಂತ ನಗ್ಮಾ ಬೆರಳು ತೋರಿಸಿ ಹೇಳ್ಯಾಳ. ತೂಕ ನಲವತ್ತೇಳಕ್ಕ ಬಂದದ. ವಾರಕ್ಕೊಮ್ಮೆ ಅಂಗನವಾಡಿಗಿ ಹೋಗಿ ತಕ್ಕಡಿ ಹತ್ತಿ ಬರ್ತೀನಿ, ಹೊಸ ಟೀಚರ್ ನಕ್ಕೋತ ರಜಿಸ್ಟರಿನ್ಯಾಗ ನನ್ನ ಹೆಸರೂ ಬರೀತಾಳ.

ಎಳ್ಳಮಾಸಿಗಿ ನಮ್ಮ ತಮ್ಮನ ಹೊಲಕ್ಕ ಹೋಗಿದ್ವಿ. ಭೂಮಿತಾಯಿಗಿ ಎಡಿ ಅಂತ ಚರಗ ಚೆಲ್ಲಿ, ತೊಗರಿ ಸಾಲಿನ ನೆರಳಿಗಿ ಕುಂತು ಸಜ್ಜಿ ರೊಟ್ಟಿ, ಭಜ್ಜಿಪಲ್ಯ ಉಂಡೆ. ಒಂದು ರೊಟ್ಟಿ ಪೂರಾ ಉಂಡೆ ರಿ! ಉಂಡು ಅಲ್ಲೇ ಮಾತಿಗಿ ಕುಂತೆ, ಯಾರೋ ಹಾಡಿದ್ರು, ನಾನೂ ದನಿ ಕೂಡಿಸ್ದೆ. ಬಿಸಲು ಇಳದ ಮ್ಯಾಲೆ ನೆನಪಾತು, ಅಯ್ಯ, ಇವತ್ತ ಗಡಿಯಾರ ನೋಡೇ ಇಲ್ಲಲ್ಲ ಅಂತ. ಮೂರು ವರ್ಷದಾಗ ಅದೇ ಮೊದಲ ಸಲ. ಒಂದು ರೊಟ್ಟಿಯೊಳಗ ಇಷ್ಟು ಸುಖ ಇರ್ತದ ಅಂತ ನನಗ ಅರವತ್ತೊಂದು ವರ್ಷಕ್ಕ ತಿಳೀತು.

ಹಂಗಾಗಿ ಇಪ್ಪತ್ತಕ್ಕ ಮುಂಜಾನಿ ಗಾಡಿ ಹಿಡದು ಸೇಡಂಗಿ ಇಳದು, ಅಲ್ಲಿಂದ ಬಸ್ಸಿಗಿ ಬರ್ತೀವಿ. ಉಮಾನ ಅಪ್ಪ ಈಗಲೇ ಟೈಮ್ ಬರದು ಗ್ವಾಡಿಗಿ ಹಚ್ಚ್ಯಾರ. ಉಮಾಗ ಅಣ್ಣತಮ್ಮರು ಇಲ್ಲ, ಸೋದರಮಾವನ ಜಾಗಾದಾಗ ಅಜ್ಜನೇ ತೊಡಿ ಮ್ಯಾಲೆ ಕೂಡಿಸ್ಕೊಂಡು ಮೊದಲ ಕೂದಲ ತೆಗೀಲಿ, ನೀವು ಹೂಂ ಅಂದ್ರ. ಊಟಕ್ಕ ಕುಂತಾಗ ನನಗ ಅರ್ಧ ಹೋಳಿಗಿ ಸಾಕು. ಉಳದ ಅರ್ಧ ಎತ್ತಿಡ್ರಿ, ಸಂಜಿಗಿ ಉಣ್ತೀನಿ. ಸಾಕು ಅಂದ್ರ ಅದು ನಾಚಿಕಿ ಅಲ್ಲ, ಸೊಕ್ಕೂ ಅಲ್ಲ, ಡಾಕ್ಟರಮ್ಮನ ಮಾತು. ತಾಟು ತೊಳದು ಕುಡೀತೀನಿ, ಬೇಕಾದ್ರ ಸೆರಗು ಝಾಡಿಸಿ ತೋರಸ್ತೀನಿ. ಎಮ್ಮಿಗಿ ಒಂದು ಹೋಳಿಗಿ ನೀವೇ ಹಾಕಿಬಿಡ್ರಿ, ಪಾಪ ಅದಕ್ಕ ರುಚಿ ಹತ್ತಿರಬೇಕು.

ಪ್ರಸಾದ ಸೆರಗಿನ್ಯಾಗ ಕಟ್ಟಿದ್ದು ನನ್ನ ತಪ್ಪು. ನೋವು ಮುಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಎರಡಕ್ಕೂ ಕ್ಷಮಾ ಬೇಡ್ತೀನಿ. ನೀವು ಚೊಚ್ಚಲ ಬಾಣಂತನಕ್ಕ ಮಗಳನ್ನ ಕಳಿಸದೇ ಇದ್ದದ್ದೂ ತಪ್ಪೇ, ಅದನ್ನ ನಾ ಸುಮ್ಮನೆ ಬಿಡಂಗಿಲ್ಲ, ಎದುರಿಗಿ ಕುಂತು ಜಗಳ ಮಾಡ್ತೀನಿ. ಆದ್ರ ಊಟಾ ಆದಮ್ಯಾಲೆ.

ಸಂಗುನ ಎರಡೂ ಗಲ್ಲಕ್ಕ ನನ್ನ ಮುದ್ದು ಕೊಡ್ರಿ. ತಾಟು ಇಡ್ತೀನಿ ಅಂತ ಉಮಾನ ಕೈಲೆ ಒಂದು ಮಾತು ಹೇಳಿ ಕಳಿಸ್ರಿ, ಸಾಕು.

ನಿಮ್ಮ ಬೀಗತಿ, ಅದಕ್ಕೂ ಮೊದಲ ನಿಮ್ಮ ಗೆಳತಿ,
ವಿಮಲಾಬಾಯಿ

ತಾ.ಕ.: ಲಕೋಟಿಗಿ ಅಂಟು ಹಚ್ಚಿದ್ದೆ, ಮತ್ತ ಬಿಚ್ಚಿದೆ. ಮ್ಯಾಲೆ ಒಂದು ಸುಳ್ಳು ಬರದೀನಿ, ಅದನ್ನಿಟ್ಕೊಂಡು ನಿಮ್ಮನಿ ಪ್ರಸಾದ ಮುಟ್ಟಬಾರದು. ನಗ್ಮಾ ಕೇಳಿದಾಗ ಅರ್ಧ ತಾಸಿಗಿ ಅಂತ ನಾ ಹೇಳ್ದೆ ಅಂದೀನಲ್ಲ, ನಾ ಹೇಳಲಿಲ್ಲ. ಅವತ್ತೂ ಗ್ಯಾಸ್ ಇರಬೇಕು ಬಿಡವ್ವ ಅಂದೆ. ಆಕಿ ಗ್ಯಾಸಿನ ಗುಳಿಗಿ ಬರಿಯಾಕ ಶುರು ಮಾಡಿದ್ದಳು. ಆಗ ಉಮಾನ ಅಪ್ಪ ಬಾಯಿಬಿಟ್ರು. ಶ್ರಾವಣದಾಗ ಬಸವೇಶ್ವರಿ ನಮ್ಮ ಮುಂದ ಒಪ್ಪಿಸಿದ್ದಳಲ್ಲ, ಆ ನಿಮ್ಮ ಬೈಗಳ, ಒಂದಕ್ಷರ ಬಿಡದೇ ಡಾಕ್ಟರಮ್ಮಗ ಹೇಳಿದ್ರು. ವಿಮಲಾಬಾಯಿ ನಾಕು ಸರ್ತಿ ನಮ್ಮನ್ಯಾಗ ಉಂಡಾಳ, ನಾಕೂ ಸರ್ತಿ ಗಡಿಯಾರ ನೋಡಿದಂಗ ಅರ್ಧ ತಾಸಿಗಿ ಹೊಟ್ಟಿ ಹಿಡ್ಕೊಂಡು ಮೂಲಿ ಹಿಡೀತಾಳ, ತಾಸಿನ ಮ್ಯಾಲೆ ನಕ್ಕೋತ ಎದ್ದು ಬರ್ತಾಳ, ನಿಶ್ಚಯದಾಗ ಆರು ನಿರಿಗಿ ಬೀಳ್ತಿದ್ದ ಸೀರಿ ಕುಬಸದಾಗ ನಡಾ ಸಣ್ಣಾಗಿ ಒಂಬತ್ತು ನಿರಿಗಿ ಆಗೇದ, ಇದು ನಾಟಕ ಅಲ್ದೆ ಏನು ಅಂತ ನೀವು ಅಂದಿದ್ದು. ನಗ್ಮಾ ಬರದ ಚೀಟಿ ಹರದು ಒಗದಳು. ಇಷ್ಟು ನೋಡಿದೋರು ಯಾರು, ನಿಮ್ಮ ಅಕ್ಕನೇನು ಅಂತ ನನಗ ಕೇಳಿದಳು. ಅಲ್ಲ, ನನ್ನ ಬೀಗತಿ, ಆಕಿ ನನಗ ಬೈದಿದ್ದು ಅದು ಅಂದೆ. ಈ ಬೈಗಳ ಮೊದಲೇ ನಮಗ ಬಂದು ಹೇಳಿದ್ರ ನೀವು ಹದಿನೇಳು ಕಿಲೋ ಇಳೀತಿದ್ದಿಲ್ಲ ಅಂದಳು.

ನನ್ನ ಗಂಡ ನೋಡಲಿಲ್ಲ, ಹೆತ್ತ ಮಗಳು ನೋಡಲಿಲ್ಲ. ನನ್ನ ಸೀರಿ ನಿರಿಗಿ ಎಣಿಸಿದಾಕಿ ನೀವೊಬ್ಬರೇ. ಬೈದು ಹೇಳೋರು ಬದುಕಾಕ ಹೇಳ್ತಾರ ಅಂತ ನಮ್ಮವ್ವ ಅಂತಿದ್ದಳು, ನಾ ಕಿವಿ ಮ್ಯಾಲೆ ಹಾಕ್ಕೊಂಡಿದ್ದಿಲ್ಲ. ಇಪ್ಪತ್ತನೇ ತಾರೀಖು ನನಗ ತಾಟು ಇಟ್ಟು, ಎದುರಿಗಿ ಕುಂತು, ನಿಮ್ಮ ಕೈಲೇ ನೀಡ್ಕೋತ ಇನ್ನೂ ಬೈರಿ. ನಾ ಉಂಡಕೋತ ಕೇಳ್ತೀನಿ.